ಮೊಬೈಲ್ ಆ್ಯಪ್‌ಗಳ ಆದ್ಯಂತ ಪರೀಕ್ಷೆ ಮತ್ತು ಕನ್ನಡ

ಪಳ್ಳಿಕರಣೆಯ ಜೌಗುನೆಲಕ್ಕೆ ಸಮೀಪವಾಗಿ, ಹಳೆಯ ಮಹಾಬಲಿಪುರಂ ರಸ್ತೆಯಲ್ಲಿರುವ ಪೆರುಂಗುಡಿಯು ೨೦೧೧ರಲ್ಲಿ ಚೆನ್ನೈ ಮಹಾನಗರಪಾಲಿಕೆಗೆ ಸೇರಿತು. ಅಲ್ಲಿಯ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರಲ್ಲಿ ಕೆಲವರ ಕಸುಬು ‘ಟೆಸ್ಟಿಂಗ್’ ಎಂಬುದು. ಮೊಬೈಲ್ ಆ್ಯಪ್ ಜನರ ಕೈ ಸೇರುವುದಕ್ಕೆ ಮೊದಲು ಅದನ್ನು ಒರೆಗೆ ಹಚ್ಚುವುದೇ ಈ ಕಸುಬಿನ ತಿರುಳು. ಅದರಲ್ಲಿಯೂ ಯಂತ್ರದಿಂದಲೇ ನಡೆಯಿಸುವ ಆದ್ಯಂತ ಪರೀಕ್ಷೆಯ ಸ್ವರೂಪವನ್ನೂ, ಕನ್ನಡಕ್ಕೂ ಅದಕ್ಕೂ ಇರುವ ಸಂಬಂಧವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಬ್ಯಾಂಕಿನಲ್ಲಿ ದಿನದ ಲೆಕ್ಕ ಮುಗಿಸುವಾಗ ಒಂದೊಂದು ಪುಸ್ತಕವೂ ತನ್ನಷ್ಟಕ್ಕೆ ತಾನು ಸರಿಯಾಗಿದ್ದರೆ ಸಾಲದು; ಎಲ್ಲವೂ ಪರಸ್ಪರ ತಾಳೆಯಾಗಬೇಕು. ೨೦೨೩ರ ನವೆಂಬರ್ ೧೦ರಿಂದ ೧೩ರವರೆಗೆ ಯೂಕೋ ಬ್ಯಾಂಕಿನ ಐ.ಎಂ.ಪಿ.ಎಸ್. ವ್ಯವಸ್ಥೆಯಲ್ಲಿ ತಾಂತ್ರಿಕ ದೋಷವುಂಟಾಗಿ, ಬೇರೆ ಬ್ಯಾಂಕುಗಳಿಂದ ಹಣವು ವಾಸ್ತವವಾಗಿ ಬಾರದಿದ್ದರೂ ಗ್ರಾಹಕರ ಖಾತೆಗಳಿಗೆ ಸುಮಾರು ೮೨೦ ಕೋಟಿ ರೂಪಾಯಿ ಜಮೆಯಾಯಿತು. ಒಂದು ಕೊನೆಯಲ್ಲಿ ಆದುದು ಇನ್ನೊಂದು ಕೊನೆಯಲ್ಲಿ ಆಗದಿದ್ದರೆ ಒದಗುವ ಅನರ್ಥಕ್ಕೆ ಇದೊಂದು ನಿದರ್ಶನ. ಆ್ಯಪ್ ತೆರೆಯುವುದು, ಹಣ ಪಡೆಯುವವರ ಹೆಸರನ್ನು ಆರಿಸುವುದು, ಮೊತ್ತವನ್ನು ನಮೂದಿಸುವುದು, ಪಿನ್ ಕೊಡುವುದು, ಕಡೆಗೆ ಎರಡೂ ಖಾತೆಗಳಲ್ಲಿ ಸರಿಯಾದ ದಾಖಲೆಯಾಯಿತೆ ಎಂದು ನೋಡುವುದು—ಇಷ್ಟನ್ನೂ ಒಂದೇ ಸರಣಿಯಾಗಿ ಪರಿಶೀಲಿಸುವುದೇ ಆದ್ಯಂತ ಪರೀಕ್ಷೆ.

ಆ್ಯಪಿನ ಪ್ರತಿಯೊಂದು ಹೊಸ ಆವೃತ್ತಿಗೂ ಇದನ್ನು ಮನುಷ್ಯರೇ ಮಾಡುತ್ತ ಹೋದರೆ ಕಾಲವೂ ಸಾಲದು, ಗಮನವೂ ನಿಲ್ಲದು. ಆದುದರಿಂದ ಪರೀಕ್ಷೆಯ ಹೆಜ್ಜೆಗಳನ್ನು ಪ್ರೋಗ್ರಾಂ ರೂಪದಲ್ಲಿ ಬರೆದು ಯಂತ್ರಕ್ಕೆ ಒಪ್ಪಿಸುವ ಪದ್ಧತಿ ಬಂದಿತು. ೨೦೧೨ರಲ್ಲಿ ಬೆಳಕಿಗೆ ಬಂದ ಆ್ಯಪಿಯಂ ಎಂಬ ಮುಕ್ತ ತಂತ್ರಾಂಶವು ಇಂತಹ ಸಾಧನಗಳಲ್ಲಿ ಪ್ರಸಿದ್ಧವಾದುದು. ಪರೀಕ್ಷಕನ ಆಜ್ಞೆಗಳನ್ನು ಅದು ಸ್ವೀಕರಿಸಿ, ಆಂಡ್ರಾಯ್ಡ್ ಫೋನಿನಲ್ಲಿ ಗೂಗಲಿನವರ, ಐಫೋನಿನಲ್ಲಿ ಆ್ಯಪಲ್‌ನವರ ಪರೀಕ್ಷಾ ಸಾಧನಗಳ ಮೂಲಕ ನಡೆಯಿಸುತ್ತದೆ.

ಇದನ್ನು ಸ್ಥಾಪಿಸುವಾಗ ಗಮನಿಸತಕ್ಕ ಸಂಗತಿಗಳು ಕೆಲವಿವೆ. ಮೊದಲನೆಯದಾಗಿ, ಎಲ್ಲವನ್ನೂ ಆದ್ಯಂತವಾಗಿ ಪರೀಕ್ಷಿಸಹೊರಡಕೂಡದು. ಬಿಡಿ ಭಾಗಗಳ ಪರೀಕ್ಷೆಗಳು ಶೀಘ್ರವಾದುವು, ಅಗ್ಗವಾದುವು, ಅವು ಬಹಳವಾಗಿರಲಿ. ಆದ್ಯಂತ ಪರೀಕ್ಷೆಯು ನಿಧಾನವಾದುದು. ಹಣ ಕಳುಹಿಸುವಂತಹ ಮುಖ್ಯ ಕಾರ್ಯಗಳಿಗೆ ಮಾತ್ರ ಮೀಸಲಾಗಿರಲಿ. ಎರಡನೆಯದಾಗಿ, ‘ಐದು ಸೆಕೆಂಡು ಕಾದು ಮುಂದುವರಿ’ ಎಂದು ಬರೆಯದೆ, ‘ರಸೀದಿ ಕಾಣಿಸುವವರೆಗೆ, ಇಂತಿಷ್ಟು ಕಾಲ ಮೀರದಂತೆ ಕಾಯು’ ಎಂದು ಬರೆಯಬೇಕು. ಇಲ್ಲವಾದರೆ ಒಮ್ಮೆ ಗೆದ್ದು ಒಮ್ಮೆ ಸೋಲುವ ಪರೀಕ್ಷೆಗಳು ಹುಟ್ಟಿ, ಕ್ರಮೇಣ ಯಾರೂ ಅವನ್ನು ನಂಬದಂತಾಗುತ್ತದೆ. ಮೂರನೆಯದಾಗಿ, ಪ್ರತಿ ಸಲವೂ ಹೊಸ ಪರೀಕ್ಷಾ ಖಾತೆಯಿಂದ ತೊಡಗಬೇಕು. ನಿಜವಾದ ಗ್ರಾಹಕರ ವಿವರಗಳನ್ನು ಸರ್ವಥಾ ಬಳಸಕೂಡದು. ಒ.ಟಿ.ಪಿ.ಗೆ ಮಾಡಿದ ಬದಲಿ ಏರ್ಪಾಡು ಪರೀಕ್ಷಾಲಯವನ್ನು ದಾಟಿ ಹೊರಗೆ ಹೋಗಬಾರದು. ನಾಲ್ಕನೆಯದಾಗಿ, ಕಂಪ್ಯೂಟರಿನೊಳಗಿನ ಕೃತಕ ಫೋನುಗಳಲ್ಲಿ ಪ್ರತಿ ಬದಲಾವಣೆಗೂ, ಅಗ್ಗದ ಫೋನುಗಳೂ ಸೇರಿದಂತೆ ಕೆಲವು ನಿಜವಾದ ಫೋನುಗಳಲ್ಲಿ ಪ್ರತಿ ರಾತ್ರಿಯೂ ಪರೀಕ್ಷೆ ನಡೆಯಬೇಕು. ಸೋತಾಗ ಪರದೆಯ ಚಿತ್ರವೂ ದಾಖಲೆಯೂ ತಾವಾಗಿ ಉಳಿಯಬೇಕು.

ಇಷ್ಟು ಯಾವ ಭಾಷೆಯ ಆ್ಯಪಿಗೂ ಸಲ್ಲುವ ಮಾತು. ಇನ್ನು ಕನ್ನಡದ ವಿಚಾರ. ೨೦೧೪ರಲ್ಲಿ ಬಂದ ಆಂಡ್ರಾಯ್ಡ್ ೫.೦ ಆವೃತ್ತಿಯು ತನ್ನ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿಕೊಂಡಿತು. ಆದರೆ ಪರೀಕ್ಷಾ ಫೋನನ್ನು ಸದಾ ಇಂಗ್ಲಿಷಿನಲ್ಲಿಯೇ ಇರಿಸಿದರೆ ಆ್ಯಪಿನ ಕನ್ನಡ ಮುಖವನ್ನು ಯಂತ್ರವು ಒಮ್ಮೆಯೂ ಕಾಣುವುದಿಲ್ಲ. ಗುಂಡಿಗಳನ್ನು ಅವುಗಳ ಮೇಲಿನ ಇಂಗ್ಲಿಷ್ ಮಾತಿನಿಂದಲೇ ಗುರುತಿಸುವಂತೆ ಪರೀಕ್ಷೆಯನ್ನು ಬರೆದಿದ್ದರಂತೂ ಅದು ಕನ್ನಡದಲ್ಲಿ ಮೊದಲ ಹೆಜ್ಜೆಗೇ ನಿಂತುಬಿಡುತ್ತದೆ. ಭಾಷೆಯೊಡನೆ ಬದಲಾಗದ ಗುರುತೊಂದನ್ನು ಪ್ರತಿ ಗುಂಡಿಗೂ ಕೊಡುವುದೇ ಇದಕ್ಕೆ ಪರಿಹಾರ. ಆಂಡ್ರಾಯ್ಡಿನಲ್ಲಿ ಅಂಧರಿಗೆ ಗಟ್ಟಿಯಾಗಿ ಓದಿಹೇಳುವ ವಿವರಣೆಯನ್ನು ಈ ಗುರುತಾಗಿ ಬಳಸುವುದೂ ಸಾಧುವಲ್ಲ, ಅದೂ ಅನುವಾದವಾಗತಕ್ಕದ್ದೇ.

ಎರಡನೆಯ ತೊಡಕು ಲಿಪಿಯದು. ‘ಸ್ತ್ರೀ’ ಎಂಬಲ್ಲಿಯಂತೆ ನಮ್ಮ ಒತ್ತಕ್ಷರಗಳು ಕೆಳಕ್ಕೆ ಇಳಿಯುತ್ತವೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದ ಪೆಟ್ಟಿಗೆಯಲ್ಲಿ ಅವುಗಳ ಬುಡ ಕತ್ತರಿಸಿಹೋಗಬಹುದು. ಪರೀಕ್ಷಾಯಂತ್ರವು ಓದುವುದು ಒಳಗಿನ ಸಂಕೇತಗಳನ್ನು. ಗ್ರಾಹಕನು ನೋಡುವುದು ಹೊರಗಿನ ಆಕಾರವನ್ನು. ಯಂತ್ರವು ‘ಸರಿ’ ಎಂದ ಕಡೆಯೂ ಮನುಷ್ಯನಿಗೆ ಓದಲಾಗದಿರಬಹುದು. ಆದುದರಿಂದ ಪರದೆಯ ಚಿತ್ರವನ್ನು ಒಪ್ಪಿತವಾದ ಚಿತ್ರದೊಡನೆ ಹೋಲಿಸುವ ಏರ್ಪಾಡೂ ಅವಶ್ಯ.

ಮೂರನೆಯದು ಸಂಕೇತಗಳದು. ಯೂನಿಕೋಡಿನಲ್ಲಿ ಓತ್ವವನ್ನು ಒಂದೇ ಸಂಕೇತದಿಂದ ಬರೆಯಬಹುದು. ಎತ್ವ, ಊತ್ವ, ದೀರ್ಘಚಿಹ್ನೆ ಎಂಬ ಮೂರನ್ನು ಕೂಡಿಸಿಯೂ ಬರೆಯಬಹುದು. ಯೂನಿಕೋಡಿನ ನಿಯಮದಂತೆ ಇವೆರಡೂ ಸಮಾನ. ಆದರೆ ಅವನ್ನು ಮೊದಲು ಏಕರೂಪಕ್ಕೆ ತಾರದೆ ಹೋಲಿಸುವ ಪ್ರೋಗ್ರಾಮಿಗೆ ಒಬ್ಬನೇ ‘ಗೋಪಾಲ’ ಇಬ್ಬರಾಗಿ ತೋರುತ್ತಾನೆ. ಹೆಸರು ತಾಳೆಯಾಗದೆ ಹಣ ನಿಂತರೆ ಕಾರಣವನ್ನು ಕಣ್ಣಿನಿಂದ ಕಂಡುಹಿಡಿಯಲಾಗದು. ಅಂಕಿಗಳ ವಿಷಯವೂ ಹಾಗೆಯೇ: ಮೊತ್ತದ ಜಾಗದಲ್ಲಿ 500 ಎಂಬುದಕ್ಕೆ ಬದಲಾಗಿ ‘೫೦೦’ ಎಂದು ಬರೆದರೆ ಆ್ಯಪ್ ಅದನ್ನು ಅಂಗೀಕರಿಸಬೇಕು, ಇಲ್ಲವೆ ಕನ್ನಡದಲ್ಲಿ ಸ್ಪಷ್ಟವಾಗಿ ನಿರಾಕರಿಸಬೇಕು. ಇವೆರಡನ್ನೂ ಪರೀಕ್ಷೆಯ ಪಟ್ಟಿಗೆ ಸೇರಿಸುವುದು ಕಷ್ಟದ ಕೆಲಸವಲ್ಲ.

ಇದಕ್ಕೆ ತಗಲುವ ವೆಚ್ಚವೇನೂ ಹೆಚ್ಚಲ್ಲ. ಗುರುತುಗಳನ್ನು ಮೊದಲೇ ಸರಿಯಾಗಿ ಇಟ್ಟಿದ್ದರೆ, ಅದೇ ಪರೀಕ್ಷೆಯನ್ನು ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಇನ್ನೊಮ್ಮೆ ನಡೆಯಿಸಿದರಾಯಿತು. ಮುಖ್ಯವಾದುದು ನಿಯಮ: ಇಂಗ್ಲಿಷಿನಲ್ಲಿ ಸೋತಾಗ ಹೊಸ ಆವೃತ್ತಿಯ ಬಿಡುಗಡೆಯನ್ನು ತಡೆಯುವಂತೆ ಕನ್ನಡದಲ್ಲಿ ಸೋತಾಗಲೂ ತಡೆಯಬೇಕು. ಈ ಒಂದು ಸಾಲನ್ನು ಪರೀಕ್ಷೆಯ ಕಟ್ಟಳೆಯಲ್ಲಿ ಸೇರಿಸುವಂತೆ ಕೇಳಲು, ಆ ಕಚೇರಿಗಳಲ್ಲಿ ಕುಳಿತಿರುವ ಕನ್ನಡಿಗನಿಗಿಂತ ತಕ್ಕವರು ಬೇರೆ ಯಾರು?

ಇಂಗ್ಲಿಷ್ ಬಲ್ಲವನು ಕನ್ನಡದ ಪರದೆ ಕೆಟ್ಟರೆ ಭಾಷೆಯನ್ನು ಬದಲಿಸಿಕೊಂಡು ಮುಂದುವರಿಯುತ್ತಾನೆ. ಅದನ್ನರಿಯದವರು ಪಕ್ಕದಲ್ಲಿರುವವರ ಕೈಗೆ ಫೋನನ್ನು ಕೊಟ್ಟು, ಅದರೊಡನೆ ಪಿನ್ನನ್ನೂ ಹೇಳಿಬಿಡುತ್ತಾರೆ. ಪಿನ್ನನ್ನು ಯಾರಿಗೂ ಹೇಳಬೇಡಿರೆಂದು ಬ್ಯಾಂಕುಗಳು ಎಷ್ಟು ಸಾರಿದರೂ, ಆ್ಯಪಿನ ಕನ್ನಡವು ಓದಲು ಬರುವಂತಿರದಿದ್ದರೆ ಆ ಮಾತು ಅವರ ಪಾಲಿಗೆ ವ್ಯರ್ಥವೇ ಸರಿ.