ಕಾಫಿ ಅಂಗಡಿಯ ನೀರು: ಯಂತ್ರಕ್ಕೆ ಮೊದಲು ಪರೀಕ್ಷೆ

ಒಂದೇ ಕಾಫಿಪುಡಿಯನ್ನು ಮಂಜೇಶ್ವರದ ತೆರೆದ ಬಾವಿಯ ನೀರಿನಲ್ಲಿಯೂ ರಾಯದುರ್ಗದ ಕೊಳವೆಬಾವಿಯ ನೀರಿನಲ್ಲಿಯೂ ಇಳಿಸಿದರೆ ಎರಡು ಬೇರೆ ರುಚಿಗಳು ದೊರೆಯುವುದರಲ್ಲಿ ವಿಸ್ಮಯವೇನೂ ಇಲ್ಲ. ಸಾಮಾನ್ಯ ಕಪ್ಪು ಕಾಫಿಯ ನೂರು ಪಾಲಿನಲ್ಲಿ ಸುಮಾರು 98 ಪಾಲು ನೀರೇ. ಆದರೂ ಗಡಿನಾಡಿನ ಪೇಟೆಯಲ್ಲಿ ಸಣ್ಣ ಅಂಗಡಿ ತೆರೆಯಹೊರಟವರು ಬೀಜ, ಹುರಿತ, ಚಿಕೋರಿಯ ಪ್ರಮಾಣ ಇವುಗಳನ್ನು ವಾರಗಟ್ಟಲೆ ವಿಚಾರಿಸುತ್ತಾರೆ. ನೀರಿನ ಮಾತು ಬಂದಾಗ ಮಾರಾಟಗಾರನು ತೋರಿಸಿದ ಯಂತ್ರವನ್ನು ಅರ್ಧ ಗಂಟೆಯಲ್ಲಿ ಕೊಂಡುಬಿಡುತ್ತಾರೆ. ಕೂಡಿಟ್ಟ ಬಂಡವಾಳದ ಒಂದು ಭಾಗ ಹೀಗೆ ಬೇಡದ ಯಂತ್ರದಲ್ಲಿ ಹೂತುಹೋಗುತ್ತದೆ.

ಈ ವಿಷಯದಲ್ಲಿ ಕನ್ನಡದ ಆಡುಮಾತು ಮಾರಾಟದ ಮಾತಿಗಿಂತ ಸೂಕ್ಷ್ಮವಾಗಿದೆ. ಸಿಹಿನೀರು, ಸಪ್ಪೆ ನೀರು, ಉಪ್ಪು ನೀರು, ಗಡಸು ನೀರು ಎಂಬವು ಬೇರೆಬೇರೆ ಅನುಭವಗಳನ್ನು ಸೂಚಿಸುತ್ತವೆ. ಬೇಳೆ ಬೇಯಗೊಡದ, ಸಾಬೂನು ನೊರೆಗಟ್ಟದ ನೀರು ಗಡಸು. ಅದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ನಾಲಗೆಗೆ ಉಪ್ಪೆನಿಸುವ ನೀರಿನಲ್ಲಿ ಸೋಡಿಯಂ ಕ್ಲೋರೈಡಿನದೇ ಮೇಲುಗೈ. ಅಂಗಡಿಗಳಲ್ಲಿ ಸಿಗುವ ಟಿಡಿಎಸ್ ಮೀಟರು ಈ ಭೇದವನ್ನು ಅರಿಯದು. ಕರಗಿದ ಪದಾರ್ಥಗಳ ಒಟ್ಟು ಅಂದಾಜನ್ನಷ್ಟೇ ಅದು ಹೇಳುತ್ತದೆ. ಎರಡು ನೀರುಗಳೂ 600 ಎಂದು ತೋರಿಸಬಹುದು. ಒಂದಕ್ಕೆ ಮೆದುಗೊಳಿಸುವ ಯಂತ್ರ ಸಾಕು, ಇನ್ನೊಂದಕ್ಕೆ ಅದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ.

ಆದ್ದರಿಂದ ಮೊದಲು ಮಾಡಿಸಬೇಕಾದುದು ಪ್ರಯೋಗಾಲಯದ ಪರೀಕ್ಷೆ. ಒಟ್ಟು ಗಡಸುತನ, ಕ್ಷಾರೀಯತೆ, ಕ್ಲೋರೈಡ್, ಫ್ಲೋರೈಡ್, ಪಿಎಚ್ ಇಷ್ಟನ್ನು ಕೇಳಿದರೆ ಸಾಕು. ರೋಗಾಣು ಪರೀಕ್ಷೆ ಹೇಗೂ ಬೇಕು. ಭಾರತೀಯ ಮಾನಕ 10500 ಕುಡಿಯುವ ನೀರಿಗೆ ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪಿಕೊಳ್ಳುತ್ತದೆ; ಬೇರೆ ಮೂಲವಿಲ್ಲದೆಡೆ 600ರವರೆಗೂ ಬಿಡುತ್ತದೆ. ಕುಡಿಯಲು ಯೋಗ್ಯವಾದದ್ದೆಲ್ಲ ಬಾಯ್ಲರಿಗೂ ಯೋಗ್ಯವೆಂದು ತಿಳಿಯಬಾರದು. ಕಾಫಿಗೆ ಗಡಸುತನ 50ರಿಂದ 100ರ ಆಸುಪಾಸಿನಲ್ಲಿಯೂ ಕ್ಷಾರೀಯತೆ 40ರಿಂದ 70ರ ಸುತ್ತಮುತ್ತಲೂ ಇದ್ದರೆ ರುಚಿಗೂ ಯಂತ್ರಕ್ಕೂ ಕ್ಷೇಮ. ಕ್ಷಾರೀಯತೆ ಅತಿಯಾದರೆ ಕಾಫಿಯ ಹಿತವಾದ ಹುಳಿಯಂಶ ಅಡಗಿ ರುಚಿ ಮಂಕಾಗುತ್ತದೆ.

ಗಡಸು ನೀರನ್ನು ಕಾಯಿಸಿದಾಗ ಬೈಕಾರ್ಬೋನೇಟು ಒಡೆದು ಸುಣ್ಣದ ಪದರವಾಗಿ ಕೂರುತ್ತದೆ. ದಿನಕ್ಕೆ 20 ಲೀಟರ್ ಕಾಯಿಸುವ ಅಂಗಡಿಯಲ್ಲಿ ಲೀಟರಿಗೆ 200 ಮಿಲಿಗ್ರಾಂ ಹೀಗೆ ಕೂರುತ್ತದೆಂದು ಇಟ್ಟುಕೊಂಡರೆ, ದಿನಕ್ಕೆ 4 ಗ್ರಾಂ, 300 ದಿನಗಳಲ್ಲಿ 1.2 ಕಿಲೋ. ಒಲೆಯ ಮೇಲಿನ ಪಾತ್ರೆಯಾದರೆ ಹುಣಸೆಹಣ್ಣು ಹಾಕಿ ಉಜ್ಜಬಹುದು. ಎಸ್ಪ್ರೆಸೊ ಯಂತ್ರದ ಬಾಯ್ಲರು, ಕಡ್ಡಿಯಷ್ಟು ಸಣ್ಣ ಕೊಳವೆಗಳು ಅಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ.

ಇದಕ್ಕೆ ಬಳಕೆಯಲ್ಲಿರುವ ಉಪಾಯ ಅಯಾನು ವಿನಿಮಯ. ರಾಳದ ಸಣ್ಣ ಮಣಿಗಳು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟು ಸೋಡಿಯಮ್ಮನ್ನು ಬಿಟ್ಟುಕೊಡುತ್ತವೆ; ಮಣಿಗಳು ದಣಿದಾಗ ಉಪ್ಪುನೀರು ಹಾಯಿಸಿದರೆ ಮತ್ತೆ ಸಿದ್ಧವಾಗುತ್ತವೆ. ಸುಣ್ಣ ಕಟ್ಟುವುದು ನಿಲ್ಲುತ್ತದೆ, ಆದರೆ ಕ್ಷಾರೀಯತೆ ಇದ್ದಂತೆಯೇ ಉಳಿಯುತ್ತದೆ. 400 ಮಿಲಿಗ್ರಾಂ ಗಡಸುತನವನ್ನು ಪೂರ್ತಿ ತೆಗೆದರೆ ಲೀಟರಿಗೆ ಸುಮಾರು 184 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಪಾತ್ರೆ ತೊಳೆಯುವುದಕ್ಕೆ ಇದು ಉತ್ತಮ, ಕಾಫಿಗೆ ಎರಡನೆಯ ದರ್ಜೆ. ಸೋಡಿಯಮ್ಮಿಗೆ ಬದಲು ಹೈಡ್ರೋಜನ್ ಬಿಟ್ಟುಕೊಡುವ ರಾಳದ ಕಾರ್ಟ್ರಿಜ್‌ಗಳು ಕ್ಷಾರೀಯತೆಯನ್ನೂ ತಗ್ಗಿಸುವುದರಿಂದ ಕಾಫಿಗೆ ಹೆಚ್ಚು ಒಪ್ಪುತ್ತವೆ; ಅವನ್ನು ಅವಧಿಗೆ ಸರಿಯಾಗಿ ಬದಲಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಇನ್ನೊಂದು ಎಚ್ಚರವಿದೆ. ಹಳೆಯ ಅನಂತಪುರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡಿನ ಬಾಧೆ ಹಲವು ಊರುಗಳಿಗೆ ಪರಿಚಿತ. ಮಾನಕದ ಪ್ರಕಾರ ಅದರ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಕಾಯಿಸಿದರೆ ಅದು ಹೋಗದು. ಮೆದುಗೊಳಿಸುವ ರಾಳವಾಗಲಿ ಇದ್ದಿಲಿನ ಸೋಸುಕವಾಗಲಿ ಅದನ್ನು ಹಿಡಿಯದು. ಇಲ್ಲಿ ಪ್ರಶ್ನೆ ರುಚಿಯದಲ್ಲ, ದಿನವೂ ಬಂದು ಕುಡಿಯುವವರ ಹಲ್ಲು ಮೂಳೆಗಳದು. ಇಂಥಲ್ಲಿ ಆರ್‌ಒ ಯಂತ್ರವೇ ಬೇಕು. ಹಾಗೆಂದು ಆರ್‌ಒ ನೀರನ್ನು ನೇರವಾಗಿ ಬಳಸಿದರೆ ಕಾಫಿ ತೆಳುವಾಗಿ ಸಪ್ಪೆಯೆನಿಸುತ್ತದೆ. ಲವಣವೇ ಇಲ್ಲದ ನೀರು ಲೋಹವನ್ನೂ ಸವೆಸಬಲ್ಲದು. ಸೋಸಿ ರೋಗಾಣುಮುಕ್ತಗೊಳಿಸಿದ ಮೂಲನೀರನ್ನು ಸ್ವಲ್ಪ ಬೆರೆಸುವುದು ಇದಕ್ಕೆ ಪರಿಹಾರ. 400 ಗಡಸುತನದ ನೀರು ಒಂದು ಪಾಲು, ಆರ್‌ಒ ನೀರು ನಾಲ್ಕು ಪಾಲು ಸೇರಿದರೆ ಗಡಸುತನ ಸುಮಾರು 80ಕ್ಕೆ ಇಳಿಯುತ್ತದೆ. ಬೆರೆಸಿದ ಮೇಲೆ ಫ್ಲೋರೈಡನ್ನು ಮತ್ತೊಮ್ಮೆ ಪರೀಕ್ಷಿಸಲೇಬೇಕು.

ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಚಿತ್ರ ತಿರುವುಮುರುವು. ಸುರಂಗದ ನೀರೂ ಬಾವಿಯ ನೀರೂ ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಅಲ್ಲಿ ಮೆದುಗೊಳಿಸುವ ಯಂತ್ರ ಮಾರುವುದೆಂದರೆ ಕಡಲಿಗೆ ಉಪ್ಪು ಮಾರಿದಂತೆ. ಪಿಎಚ್ 6.5ಕ್ಕಿಂತ ಕೆಳಗಿದ್ದರೆ ತಾಮ್ರ ಹಿತ್ತಾಳೆಗಳ ಮೇಲೆ ಹಸಿರು ಕಲೆ ಕಾಣಿಸಿಕೊಳ್ಳಬಹುದು; ಸುಣ್ಣಕಲ್ಲಿನ ಹರಳು ತುಂಬಿದ ಸೋಸುಕದ ಮೂಲಕ ಹಾಯಿಸಿದರೆ ಆಮ್ಲವೂ ತಗ್ಗಿ, ಬೇಕಾದಷ್ಟು ಗಡಸುತನವೂ ಬರುತ್ತದೆ. ಅಳಿವೆಯ ಸಮೀಪದ ಬಾವಿಗೆ ಬೇಸಗೆಯಲ್ಲಿ ಉಪ್ಪು ಏರುವಂತಿದ್ದರೆ ಮಾತ್ರ ಆರ್‌ಒ ಯೋಚನೆ.

ಸೊಲ್ಲಾಪುರದಂತಹ ನಗರಗಳಲ್ಲಿ ನಲ್ಲಿಯ ನೀರಿನ ಕ್ಲೋರಿನ್ ವಾಸನೆ ಡಿಕಾಕ್ಷನ್ನಿಗೆ ಇಳಿಯದಂತೆ ಸಕ್ರಿಯ ಇದ್ದಿಲಿನ ಸೋಸುಕ ಬೇಕು. ಕ್ಲೋರಿನ್ ರಾಳವನ್ನೂ ಆರ್‌ಒ ಪೊರೆಯನ್ನೂ ಕೆಡಿಸುವುದರಿಂದ ಇದ್ದಿಲಿನ ಸ್ಥಾನ ಅವುಗಳಿಗಿಂತ ಮೊದಲು. ಕೆಸರು ಹಿಡಿಯುವ ಸೋಸುಕ ಎಲ್ಲಕ್ಕೂ ಮುಂದೆ.

ಹಿತ್ತಾಳೆಯ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ, ಚಿಕೋರಿ ಬೆರೆತ ಗಾಢ ಕಾಫಿಗೆ ಹಾಲು ಹಾಕಿ ಕೊಡುವ ಅಂಗಡಿಗೆ ಇಷ್ಟೆಲ್ಲ ನಿಖರತೆ ಬೇಕಿಲ್ಲ. ಸುರಕ್ಷಿತವಾದ, ವಾಸನೆಯಿಲ್ಲದ, ಮಧ್ಯಮ ಗಡಸಿನ ನೀರು ಅಲ್ಲಿ ಸಾಕು. ಉಳಿದ ಹಣ ಒಳ್ಳೆಯ ಪುಡಿಗೂ ಹಾಲಿಗೂ ಹೋಗಲಿ. ನೀರಿನ ಗುಣ ಋತುವಿನೊಡನೆ ಬದಲಾಗುವುದರಿಂದ ಮಳೆಗಾಲದ ಕೊನೆಯಲ್ಲೊಮ್ಮೆ, ಕಡುಬೇಸಗೆಯಲ್ಲೊಮ್ಮೆ ಪರೀಕ್ಷೆ ಮಾಡಿಸುವುದು ಅವಶ್ಯ. ಆರ್‌ಒ ಹೊರಚೆಲ್ಲುವ ನೀರನ್ನು ನೆಲ ತೊಳೆಯಲು ಹಿಡಿದಿಡಬಹುದು. ರಾಳ ತೊಳೆದ ಉಪ್ಪುನೀರನ್ನಂತೂ ಹಿತ್ತಲ ಗಿಡಗಳಿಗೆ ಬಿಡಕೂಡದು.