ಎ.ಸಿ. ಗ್ಯಾಸ್ ‘ಖಾಲಿ’ ಆಯ್ತಾ? ಸೋರೋ ಜಾಗ ತೋರಿಸಪ್ಪಾ ಅನ್ನಿ!

“ಗ್ಯಾಸ್ ಖಾಲಿಯಾಗಿದೆ ಮೇಡಂ, ತುಂಬಿಸಬೇಕು.” ಬೇಸಿಗೆ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಮನೆಗಳಲ್ಲೂ ಈಗ ಈ ಮಾತು ಕೇಳಿಬರುತ್ತೆ. ತೆಂಗಿನ ತೋಟದ ಸೀಮೆಗೆ ಎ.ಸಿ. ಯಾಕೆ ಅಂತ ಮೂಗು ಮುರಿಯುವವರೂ ಇದ್ದಾರೆ. ತಾರಸಿ ಮನೆಯ ಮಹಡಿ ಕೋಣೆಯಲ್ಲಿ ಏಪ್ರಿಲ್ ರಾತ್ರಿ ಮಲಗಿ ನೋಡಲಿ, ಆಮೇಲೆ ಮಾತಾಡೋಣ! ಅದಿರಲಿ, ಹೋದ ವರ್ಷ ತುಂಬಿಸಿದ ಗ್ಯಾಸು ಈ ವರ್ಷ ಎಲ್ಲಿ ಹೋಯಿತು?

ಅಟ್ಟದ ಮೇಲೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳಲ್ಲಿ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತಲ್ಲ, ಎ.ಸಿ. ಗ್ಯಾಸು ಹಾಗೆ ಇಂಗುವ ವಸ್ತುವಲ್ಲ. ಅಡುಗೆ ಸಿಲಿಂಡರಿನಂತೆ ಉರಿದು ತೀರುವುದೂ ಇಲ್ಲ. ತಾಮ್ರದ ಕೊಳವೆಯೊಳಗೆ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತಿರುತ್ತೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ತೂತು ಮುಚ್ಚದೆ ತುಂಬಿಸಿದರೆ ಒಡೆದ ಕೊಡಕ್ಕೆ ನೀರು ಹೊಯ್ದ ಹಾಗೆ.

ಮೊದಲು ಫಿಲ್ಟರ್ ತೊಳೆದು ನೋಡಿ. ಎಷ್ಟೋ ಸಲ ಧೂಳು ಕಟ್ಟಿಯೇ ತಂಪು ಕಡಿಮೆಯಾಗಿರುತ್ತೆ. ಆಮೇಲೆ ಕೊಳವೆ ಸೇರುವ ನಟ್ಟುಗಳ ಸುತ್ತ ಎಣ್ಣೆ ಜಿಡ್ಡು ಕಾಣುತ್ತಾ ಗಮನಿಸಿ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತೆ, ಸೋರಿದ ಕಡೆ ಜಿಡ್ಡಾಗಿ ನಿಲ್ಲುತ್ತೆ. ಸೋಪಿನ ನೊರೆ ಹಚ್ಚಿದರೆ ಅಲ್ಲಿ ಗುಳ್ಳೆ ಏಳುತ್ತೆ. ನೊರೆ ಪರೀಕ್ಷೆಯನ್ನು ಹಗುರವಾಗಿ ಕಾಣಬೇಡಿ, ದೊಡ್ಡ ಸೋರಿಕೆಗೆ ಅದೇ ಸಾಕು. ಆದರೆ ಸೂಜಿಮೊನೆಯಷ್ಟು ತೂತಿಗೆ, ಅದರಲ್ಲೂ ಒಳಗಿನ ಕಾಯಿಲ್‌ನಲ್ಲಿದ್ದರೆ, ಲೀಕ್ ಡಿಟೆಕ್ಟರ್ ಬೇಕೇ ಬೇಕು. ಉದ್ದ ಕತ್ತಿನ ಕೈಯಂತ್ರ ಅದು. ಗ್ಯಾಸು ತಗುಲಿದರೆ ಕೀಂ ಕೀಂ ಅನ್ನುತ್ತೆ.

ಮೆಕ್ಯಾನಿಕ್ ಯಾವ ಡಿಟೆಕ್ಟರ್ ತಂದಿದ್ದಾನೆ ಅನ್ನೋದನ್ನ ನಾವ್ಯಾಕೆ ಕೇಳಬೇಕು ಅನ್ನಬೇಡಿ. ನಿಮ್ಮ ಎ.ಸಿ. ಮೈಮೇಲಿನ ಚೀಟಿ ಓದಿ: ಗ್ಯಾಸಿನ ಹೆಸರು, ಎಷ್ಟು ಗ್ರಾಂ ಎಂಬುದೆಲ್ಲ ಅದರಲ್ಲೇ ಇರುತ್ತೆ. ಹಳೆಯವು ಆರ್-22, ಆಮೇಲಿನವು ಆರ್-410ಎ, ಈಚಿನ ಹೆಚ್ಚಿನವು ಆರ್-32. ಆರ್-22ರಲ್ಲಿ ಕ್ಲೋರಿನ್ ಇತ್ತು, ಉಳಿದೆರಡರಲ್ಲಿ ಇಲ್ಲ. ಆರ್-22 ಕಾಲದ ‘ಕೊರೊನಾ’ ಮಾದರಿಯ ಡಿಟೆಕ್ಟರ್ (ಕಾಯಿಲೆಗೂ ಇದಕ್ಕೂ ನೆಂಟಸ್ತನವಿಲ್ಲ!) ಕ್ಲೋರಿನ್ ಹಿಡಿಯುವುದರಲ್ಲಿ ಚುರುಕು, ಹೊಸ ಗ್ಯಾಸಿಗೆ ಮಂಕು. ಮೇಲಾಗಿ ಅದರ ತುದಿಯಲ್ಲಿ ಹೈ ವೋಲ್ಟೇಜ್ ಇರುತ್ತೆ, ಆರ್-32 ಬೆಂಕಿ ಹೊತ್ತಿಕೊಳ್ಳಬಲ್ಲ ಗ್ಯಾಸು. ಜ್ವಾಲೆ ಹಸಿರಾಗುತ್ತಾ ಅಂತ ನೋಡುವ ಹಳೇ ದೀಪವನ್ನಂತೂ ಮಗು ಮಲಗುವ ಕೋಣೆಗೆ ಬಿಟ್ಟುಕೊಳ್ಳಲೇಬೇಡಿ. ಚೀಟಿಯಲ್ಲಿ ಆರ್-290 ಎಂದಿದ್ದರೆ ಅದು ಪ್ರೋಪೇನ್, ಅಡುಗೆ ಗ್ಯಾಸಿನಲ್ಲೂ ಇರುವಂಥದ್ದು. ಎ.ಸಿ.ಯಲ್ಲಿ ಅದಕ್ಕೆ ಸಾಮಾನ್ಯವಾಗಿ ವಾಸನೆ ಬೆರೆಸಿರುವುದಿಲ್ಲ. ಅದನ್ನು ಹಿಡಿಯಲು ಉರಿಯುವ ಗ್ಯಾಸಿಗೆಂದೇ ಮಾಡಿದ ಬೇರೆ ಡಿಟೆಕ್ಟರ್ ಬೇಕು.

ಮನೆಯಲ್ಲೇ ಮಗನೋ ತಮ್ಮನೋ ಐಟಿಐ ಮುಗಿಸಿ ಎ.ಸಿ. ಕೆಲಸಕ್ಕೆ ಇಳಿದಿದ್ದರೆ, ಡಿಟೆಕ್ಟರ್ ಕೊಳ್ಳುವಾಗ ನೀವೂ ಡಬ್ಬಿಯ ಮೇಲೆ ಎರಡು ಸಾಲು ಓದಿ. ಮೂರೂ ಗ್ಯಾಸಿನ ಹೆಸರು ಇರಬೇಕು, ಉರಿಯುವ ಗ್ಯಾಸಿನ ಹತ್ತಿರ ಬಳಸಬಹುದು ಎಂದೂ ಇರಬೇಕು. ‘ವರ್ಷಕ್ಕೆ ಇಷ್ಟು ಗ್ರಾಂ’ ಎಂಬ ಅಂಕಿ ಚಿಕ್ಕದಿದ್ದಷ್ಟೂ ಯಂತ್ರ ಚುರುಕು. 3ರಿಂದ 5 ಗ್ರಾಂ ಇದ್ದರೆ ಧಾರಾಳವಾಯಿತು. ಹೀಟೆಡ್ ಡಯೋಡ್ ಮಾದರಿ ಚುರುಕಾಗಿದ್ದರೂ ಸೆನ್ಸರ್ ಸವೆಯುತ್ತೆ, ಆಗಾಗ ಬದಲಿಸಬೇಕು. ಇನ್‌ಫ್ರಾರೆಡ್ ದುಬಾರಿ, ಆದರೆ ಸೆನ್ಸರ್ ವರ್ಷಗಟ್ಟಲೆ ಬಾಳುತ್ತೆ, ಸುಳ್ಳು ಕೂಗೂ ಕಡಿಮೆ. ದಿನಾ ಕೆಲಸವಿರುವವನಿಗೆ ಇನ್‌ಫ್ರಾರೆಡ್ಡೇ ಸರಿ ಅಂತ ನನ್ನ ಲೆಕ್ಕ. ಬಿಡಿ ಸೆನ್ಸರ್ ಸಿಗುತ್ತಾ ಅಂತ ಅಂಗಡಿಯಲ್ಲೇ ಕೇಳಿಬಿಡಿ. ಬೆಂಗಳೂರಿನಿಂದ ತರಿಸಿಕೊಳ್ಳುವ ಹೊತ್ತಿಗೆ ಬೇಸಿಗೆಯೇ ಮುಗಿದಿರುತ್ತೆ!

ರಿಪೇರಿ ದಿನ ನಿಮ್ಮದೂ ಸ್ವಲ್ಪ ಕೆಲಸವಿದೆ. ಆ ಕೋಣೆಯನ್ನು ಫಿನಾಯಿಲ್ ಹಾಕಿ ಒರೆಸಬೇಡಿ. ಊದುಬತ್ತಿ, ಸೊಳ್ಳೆ ಬತ್ತಿ, ಸೆಂಟು ಬೇಡ. ಹಿತ್ತಿಲಲ್ಲಿ ಕರಟ, ಮಟ್ಟೆ ಉರಿಸಿ ನೀರು ಕಾಯಿಸುವವರು ಅವತ್ತು ಬೆಳಿಗ್ಗೆಯೇ ಮುಗಿಸಿಬಿಡಿ. ಇವುಗಳ ಆವಿ, ಹೊಗೆಗೆ ಕೆಲವು ಡಿಟೆಕ್ಟರ್ ಸುಮ್ಮಸುಮ್ಮನೆ ಕೂಗುತ್ತವೆ. ಹುಡುಕುವಾಗ ಫ್ಯಾನ್ ಆಫ್ ಇರಲಿ. ಈ ಗ್ಯಾಸು ಗಾಳಿಗಿಂತ ಭಾರ, ಕೆಳಕ್ಕೆ ಇಳಿಯುತ್ತೆ. ಹಾಗಾಗಿ ಡಿಟೆಕ್ಟರ್ ತುದಿ ಜಾಯಿಂಟಿನ ಕೆಳಗಡೆ, ಸೆಕೆಂಡಿಗೆ ಎರಡು ಬೆರಳಗಲದಷ್ಟೇ ನಿಧಾನವಾಗಿ ಸರಿಯಬೇಕು. ಆರತಿ ಎತ್ತಿದಂತೆ ಒಂದು ಸುತ್ತು ತಿರುಗಿಸಿ “ಏನೂ ಇಲ್ಲ ಮೇಡಂ” ಅಂದರೆ ನಂಬಬೇಡಿ. ಕೂಗಿದ ಜಾಗಕ್ಕೆ ಸೋಪಿನ ನೊರೆ ಹಚ್ಚಿಸಿ, ಗುಳ್ಳೆ ಕಣ್ಣಾರೆ ನೋಡಿ. ಸೋರಿಕೆ ಸಿಕ್ಕ ಮೇಲೆ ಕಿಟಕಿ ಬಾಗಿಲು ತೆರೆದಿಡಿ.

ದುರಸ್ತಿಯಾದ ಮೇಲೆ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತಾ ಪರೀಕ್ಷಿಸಬೇಕು, ಪಂಪಿನಿಂದ ವ್ಯಾಕ್ಯೂಮ್ ಮಾಡಬೇಕು, ಆಮೇಲೆ ತಕ್ಕಡಿಯಲ್ಲಿ ತೂಗಿ ಗ್ಯಾಸು ಹಾಕಬೇಕು. ಯಾವ ಜಾಯಿಂಟು, ಯಾವ ಗ್ಯಾಸು, ಎಷ್ಟು ಗ್ರಾಂ ಅನ್ನೋದನ್ನ ಬಿಲ್ಲಿನಲ್ಲಿ ಬರೆಸಿಕೊಂಡು ಎತ್ತಿಡಿ. ಮುಂದಿನ ಬೇಸಿಗೆಯಲ್ಲಿ ಮತ್ತೆ “ಖಾಲಿ” ಅಂದರೆ ತೋರಿಸೋಕೆ ಬೇಕಾಗುತ್ತೆ.