ಹಳೇ ದುಬಾರಿ ಫೋನೋ, ಹೊಸ ಸಾಧಾರಣ ಫೋನೋ?

ಈ ಕಂತಿನ ಪ್ರಶ್ನೆ ಮಸ್ಕತ್ತಿನ ಹಮ್ರಿಯಾದಿಂದ ಬಂದಿದೆ. ಗೊತ್ತಿಲ್ಲದವರಿಗೆ ಹೇಳ್ತೀವಿ: ಹಮ್ರಿಯಾ ಅಂದ್ರೆ ರುವಿ ಪಕ್ಕದ ಬಡಾವಣೆ. ನಮ್ಮ ಕಡೆಯಿಂದ ದುಡಿಯೋಕೆ ಹೋದವರು ಒಂದೊಂದು ರೂಮಿನಲ್ಲಿ ನಾಲ್ಕೈದು ಜನ ಸೇರಿ ಇರೋ ಜಾಗ. ಪ್ರಶ್ನೆ ಇಷ್ಟು: ರಜೆಗೆ ಊರಿಗೆ ಹೋಗುವಾಗ ಅಮ್ಮನಿಗೆ ಒಂದು ಫೋನ್ ಒಯ್ಯಬೇಕು. ಅದೇ ದುಡ್ಡಿಗೆ ಒಂದು ಕಾಲದ ದುಬಾರಿ ಫೋನ್ ಸೆಕೆಂಡ್ ಹ್ಯಾಂಡಲ್ಲಿ ಸಿಗುತ್ತೆ, ಹೊಸ ಸಾಧಾರಣ ಫೋನೂ ಸಿಗುತ್ತೆ. ಅಮ್ಮನ ಪಿಂಚಣಿ, ಬ್ಯಾಂಕು, ಒಟಿಪಿ ಎಲ್ಲ ಅದರಲ್ಲೇ. ಯಾವುದು ಸುರಕ್ಷಿತ?

ಕ್ಯಾಮೆರಾ, ಬ್ಯಾಟರಿ ಆಮೇಲೆ ನೋಡೋಣ. ಮೊದಲು ಕೇಳಬೇಕಾದ್ದು, ಈ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ಯಾವತ್ತಿನವರೆಗೆ ಬರುತ್ತೆ ಅಂತ.

2015ರಲ್ಲಿ ಆಂಡ್ರಾಯ್ಡ್‌ನಲ್ಲಿ ಸ್ಟೇಜ್‌ಫ್ರೈಟ್ ಅನ್ನೋ ದೋಷ ಬೆಳಕಿಗೆ ಬಂತು. ಒಂದು ಮಲ್ಟಿಮೀಡಿಯಾ ಮೆಸೇಜ್ ಬಂದು ಬಿದ್ದರೆ ಸಾಕು, ನೀವು ಅದನ್ನ ತೆರೆಯದೇ ಇದ್ದರೂ ಫೋನಿನೊಳಗೆ ನುಗ್ಗೋ ಸಾಧ್ಯತೆ ಇತ್ತು. ಅದೇ ಆಗಸ್ಟ್‌ನಿಂದ ಗೂಗಲ್ ಪ್ರತಿ ತಿಂಗಳೂ ಸೆಕ್ಯುರಿಟಿ ಅಪ್‌ಡೇಟ್ ಕೊಡೋಕೆ ಶುರು ಮಾಡಿತು.

ನಾವು ಜೀವಶಾಸ್ತ್ರದವರು, ಕೂಡಲೇ ಲಸಿಕೆಯ ಹೋಲಿಕೆ ಬಾಯಿಗೆ ಬರುತ್ತೆ. ಅದು ಅರ್ಧ ಮಾತ್ರ ಸರಿ. ಲಸಿಕೆ ಬಂತು ಅಂತ ವೈರಸ್ ಓದಿ ತಿಳಿದುಕೊಳ್ಳೋದಿಲ್ಲ. ಫೋನಿನ ಅಪ್‌ಡೇಟ್ ಬಂದಾಗ ಕಳ್ಳ ಅದನ್ನೇ ಕೂತು ಓದ್ತಾನೆ. ಹಳೇ ಕೋಡ್, ಹೊಸ ಕೋಡ್ ಪಕ್ಕಪಕ್ಕ ಇಟ್ಟರೆ ತೂತು ಎಲ್ಲಿತ್ತು ಅಂತ ಕಾಣುತ್ತೆ. ಅಪ್‌ಡೇಟ್ ಸಿಗದ ಫೋನಿನಲ್ಲಿ ಆ ತೂತು ಹಾಗೇ ಇರುತ್ತೆ. ಅಂದ್ರೆ ಬೇರೆಯವರ ಫೋನಿಗೆ ಬಂದ ಔಷಧಿಯೇ ನಿಮ್ಮ ಫೋನಿನ ರೋಗವನ್ನ ಊರಿಗೆಲ್ಲ ಸಾರುತ್ತೆ.

ಈಗ ಲೆಕ್ಕ ಹಾಕೋಣ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್10 2019ರಲ್ಲಿ ರಾಜನ ಹಾಗೆ ಬಂತು. ಅದರ ಅಪ್‌ಡೇಟ್ 2023ರಲ್ಲೇ ಮುಗೀತು. ಅದೇ ಕಂಪನಿಯ ಸಾಧಾರಣ ಬೆಲೆಯ ಎ16 2024ರ ಕೊನೆಗೆ ಬಂದಾಗ 6 ವರ್ಷದ ಸೆಕ್ಯುರಿಟಿ ಅಪ್‌ಡೇಟಿನ ಮಾತು ಕೊಟ್ಟರು. ಅಮ್ಮನಿಗೆ ಎರಡನೆಯದೇ ವಾಸಿ, ನಮಗೆ ಅನುಮಾನವಿಲ್ಲ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ರಿಂದ ಈಚೆಗಿನ ದುಬಾರಿ ಫೋನುಗಳಿಗೆ 7 ವರ್ಷದ ಭರವಸೆ ಇದೆ, ಅಂಥವು ಸೆಕೆಂಡ್ ಹ್ಯಾಂಡಲ್ಲಿ ಸಿಕ್ಕರೆ ಯೋಚಿಸಬಹುದು. ಐಫೋನ್ ಬಾಳಿಕೆ ಹೆಚ್ಚು: 2013ರ 5ಎಸ್‌ಗೆ 2023ರ ಜನವರಿಯಲ್ಲೂ ಒಂದು ಪ್ಯಾಚ್ ಬಂದಿತ್ತು. ಆದ್ರೆ ಮುದಿ ಫೋನಿಗೆ ಆಗೊಮ್ಮೆ ಈಗೊಮ್ಮೆ ಬರೋ ಪ್ಯಾಚು ಎಲ್ಲ ತೂತನ್ನೂ ಮುಚ್ಚೋದಿಲ್ಲ.

ಹೊಸದು ಅಂದ ಮಾತ್ರಕ್ಕೆ ಹೆಸರೇ ಕೇಳದ ಅತಿ ಅಗ್ಗದ ಫೋನೂ ಬೇಡ. 2016ರಲ್ಲಿ ಕ್ರಿಪ್ಟೊವೈರ್ ಸಂಸ್ಥೆ ಕೆಲವು ಅಗ್ಗದ ಆಂಡ್ರಾಯ್ಡ್ ಫೋನುಗಳಲ್ಲಿ ಅಡಪ್ಸ್ ಅನ್ನೋ ಸಾಫ್ಟ್‌ವೇರ್ ಪತ್ತೆ ಹಚ್ಚಿತು. ಅದು ಬಳಕೆದಾರರ ಎಸ್ಸೆಮ್ಮೆಸ್ಸು, ಕರೆ ಪಟ್ಟಿಯನ್ನ 72 ಗಂಟೆಗೊಮ್ಮೆ ಚೀನಾದ ಸರ್ವರ್‌ಗೆ ಕಳಿಸ್ತಿತ್ತು. ತಮಾಷೆ ಅಂದ್ರೆ, ಅಪ್‌ಡೇಟ್ ತಲುಪಿಸೋದೇ ಅದರ ಕೆಲಸ!

ಅಪ್‌ಡೇಟ್ ತಡೆಯದ ಅಪಾಯವೂ ಒಂದಿದೆ. ಮದುವೆ ಕರೆಯೋಲೆ ಅಂತ ವಾಟ್ಸಾಪಿನಲ್ಲಿ ಎಪಿಕೆ ಫೈಲ್ ಬರುತ್ತೆ, ಒತ್ತಿ ಇನ್‌ಸ್ಟಾಲ್ ಮಾಡಿದರೆ ಒಟಿಪಿ ಕಳ್ಳನ ಪಾಲು. ಹಾಗಾಗಿ ಫೋನ್ ಅಮ್ಮನ ಕೈಗೆ ಕೊಡೋ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ವಾಟ್ಸಾಪ್‌ಗೂ ಬ್ರೌಸರ್‌ಗೂ ಹೊರಗಿನ ಆ್ಯಪ್ ಇನ್‌ಸ್ಟಾಲ್ ಮಾಡೋ ಅನುಮತಿ ಆಫ್ ಇದೆಯಾ ನೋಡಿ. ಎರಡು ನಿಮಿಷದ ಕೆಲಸ.

ಇನ್ನು ನಿಮ್ಮ ಫೋನಿನ ವಿಷಯ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಕೇಸಿನ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅಲ್ಲಿ ಎದುರಿಗಿದ್ದದ್ದು ಸರ್ಕಾರ. ಐದು ಜನರ ರೂಮಿನಲ್ಲಿ ಎದುರಿಗಿರೋದು ಪಕ್ಕದ ಮಂಚ. ನಿದ್ದೆಯಲ್ಲಿರೋ ಬೆರಳನ್ನ ಸೆನ್ಸರ್ ಮೇಲೆ ಒತ್ತೋದು ಸುಲಭ, ನಿದ್ದೆಯಲ್ಲಿ ಆರಂಕಿಯ ಪಿನ್ ಹೇಳಿಸೋದು ಕಷ್ಟ. ಬ್ಯಾಂಕ್ ಆ್ಯಪ್‌ಗೆ ಬೇರೆಯದೇ ಪಿನ್ ಇರಲಿ.

ಸೆಕೆಂಡ್ ಹ್ಯಾಂಡೇ ತಗೊಳ್ಳೋದಾದ್ರೆ ಮಾರೋರ ಎದುರಿಗೇ ಪರೀಕ್ಷೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ತಾರೀಕು ಓದಿ. ರೀಸ್ಟಾರ್ಟ್ ಮಾಡಿ: ಬೂಟ್‌ಲೋಡರ್ ಅನ್‌ಲಾಕ್ ಆಗಿದೆ ಅಂತ ಎಚ್ಚರಿಕೆ ಬಂದರೆ ಒಳಗಿನ ಸಾಫ್ಟ್‌ವೇರ್ ಬೇರೆ ಯಾರೋ ಹಾಕಿರಬಹುದು, ವಾಪಸ್ ಕೊಟ್ಟುಬಿಡಿ. ರೀಸೆಟ್ ಮಾಡಿಸಿ: ಹಳೇ ಮಾಲೀಕರ ಗೂಗಲ್ ಅಥವಾ ಆ್ಯಪಲ್ ಖಾತೆಯ ಪಾಸ್‌ವರ್ಡ್ ಕೇಳಿದರೆ ಅದು ಕದ್ದ ಮಾಲೂ ಆಗಿರಬಹುದು.

ನಿಮ್ಮ ಹಳೆಯದನ್ನ ಮಾರೋದಾದ್ರೂ ಅಷ್ಟೇ, ಮೊದಲು ಖಾತೆಗಳಿಂದ ಹೊರಬಂದು ಆಮೇಲೆ ರೀಸೆಟ್ ಮಾಡಿ. ಈಚಿನ ಫೋನುಗಳಲ್ಲಿ ಫೋಟೋ, ಮೆಸೇಜು ಎಲ್ಲ ಬೀಗ ಹಾಕಿದ ರೂಪದಲ್ಲೇ ಇರುತ್ತೆ, ರೀಸೆಟ್ ಆ ಬೀಗದ ಕೀಲಿಯನ್ನೇ ನಾಶ ಮಾಡುತ್ತೆ. ಮೆಮೊರಿ ಕಾರ್ಡಿಗೆ ಸಾಮಾನ್ಯವಾಗಿ ಆ ಬೀಗ ಇರಲ್ಲ. ಅದನ್ನ ತೆಗೆದು ಜೇಬಿಗೆ ಹಾಕಿಕೊಳ್ಳಿ.